ಯಾವ ಕಂದು?

ಪುಸ್ತಕ ದಪ್ಪ ರಟ್ಟಿನದು. ಮೂಲೆಗಳು ದುಂಡಗೆ,
ಮಗುವಿನ ಕಣ್ಣಿಗೆ ಚುಚ್ಚದಂತೆ.
ಹನ್ನೆರಡು ಪುಟ, ಹನ್ನೆರಡು ಬಣ್ಣ,
ಪುಟಕ್ಕೆರಡು ಸಾಲು, ಸಾಲಿನ ಬಾಲಕ್ಕೆ ಪ್ರಾಸ.
ನಾರಿನ್ ಪಟ್ಟಣದ ಗ್ರಂಥಾಲಯದಿಂದ
ಇಂಥ ಒಂಬತ್ತು ಪುಸ್ತಕ ಚೀಲಕ್ಕೆ ತುಂಬಿ
ಬೇಸಿಗೆಯ ಹುಲ್ಲುಗಾವಲಿಗೆ ಹೊರಟೆ.
ವ್ಯಾನು ಅರ್ಧದಾರಿಗೆ ಕೆಮ್ಮಿ ಕೂತಿತು.
ಉಳಿದರ್ಧ ಯಾರದೋ ಲಾರಿಯಲ್ಲಿ,
ಹಾಲಿನ ಕ್ಯಾನುಗಳ ನಡುವೆ.

ಬೇಗಾಯಿಮ್‌ಗೆ ಎರಡು ವರ್ಷ ನಾಲ್ಕು ತಿಂಗಳು.
ಉಣ್ಣೆಯ ಗುಡಾರದ ಬಾಗಿಲಲ್ಲಿ
ಅಜ್ಜನ ಬೂಟಿನೊಳಗೆ ಒಂದು ಕಾಲಿಟ್ಟು ನಿಂತಿದ್ದಳು.
ಪುಸ್ತಕ ಕೊಟ್ಟೆ. ಮೊದಲು ಕಚ್ಚಿ ನೋಡಿದಳು.
(ಎಲ್ಲ ವಿಮರ್ಶಕರೂ ಇಷ್ಟು ನೇರ ಇದ್ದಿದ್ದರೆ!)
ಆಮೇಲೆ ನನ್ನ ತೊಡೆ ಏರಿದಳು.

    ಕೆಂಪು ಕೆಂಪು, ಯಾವುದು ಕೆಂಪು?
    ಸೇಬಿನ ಕೆನ್ನೆ, ಗಾಳಿಯ ತಂಪು.

ಗಾಳಿಗೆಲ್ಲಿಯ ಕೆಂಪು ಎಂದು ಕೇಳಬೇಡಿ.
ಪ್ರಾಸ ಕರೆದರೆ ಗಾಳಿಯೂ ಬರಲೇಬೇಕು.
ಬೇಗಾಯಿಮ್ ಕೇಳಲಿಲ್ಲ. "ಪು" ಎಂದಳು.
ಹಾಗೆಂದರೆ, ಇನ್ನೊಮ್ಮೆ ಓದು.
ಏಳು ಸಲ ಓದಿದೆ. ಎಂಟನೆಯ ಸಲ
ನಾನು "ಕೆಂ" ಅಂದರೆ ಅವಳು "ಪು",
ನಾನು "ತಂ" ಅಂದರೆ ಅವಳು "ಪು".
ಅರ್ಧ ಪದ್ಯ ಅವಳದೇ ಆಗಿಹೋಯಿತು.

    ಹಳದಿ ಹಳದಿ ಬೆಣ್ಣೆಯ ಮುದ್ದೆ,
    ತಿಂದ ಬೆಕ್ಕಿಗೆ ಬಂದಿತು ನಿದ್ದೆ.

    ಹಸಿರು ಹಸಿರು ಹುಲ್ಲಿನ ಮೆತ್ತೆ,
    ಉರುಳಿ ಎದ್ದಿತು ಪುಟಾಣಿ ಕತ್ತೆ.

"ಕ್ಯೋಕ್!" ಎಂದಳು, ಹುಲ್ಲಿಗೆ ಬೆರಳಿಟ್ಟು.
ಆಕಾಶವೂ ಇಲ್ಲಿ ಕ್ಯೋಕ್, ಎಳೆ ಹುಲ್ಲೂ ಕ್ಯೋಕ್,
ಬೂದಿ ಬಳಿದಂಥ ಮುದಿ ಕುದುರೆಯೂ ಕ್ಯೋಕ್.
ತರಬೇತಿಯಲ್ಲಿ ಹೇಳಿದ್ದರು:
ಮಗು ತಪ್ಪಿದರೆ ನಗುನಗುತ್ತ ತಿದ್ದಿ.
ನಕ್ಕೆ. ತಿದ್ದಲು ಬಾಯಿ ಬರಲಿಲ್ಲ.
ನನ್ನಮ್ಮನೂ ಹುಲ್ಲನ್ನು ಹಾಗೇ ಕರೆಯುತ್ತಿದ್ದಳು,
ಅವಳ ಹಸುಗಳು ಬಡವಾಗಲಿಲ್ಲ.

    ಕಂದು ಕಂದು ಕುದುರೆ ಬಂದು
    ನಿಂತಿತು ಬಾಗಿಲ ಮುಂದೆ ಇಂದು.

ಒಳಗಿಂದ ತೊಲೊಗೋನ್ ಅಜ್ಜನ ನಗು.
"ಯಾವ ಕಂದು?"
ಬಟ್ಟಲು ಕೆಳಗಿಟ್ಟು ಬೆರಳು ಮಡಿಸತೊಡಗಿದ:
"ತೊರೂ. ಮೈ ಕಂದು, ಬಾಲ ಕಪ್ಪು.
ಜೇರ್ದೆ. ಬಾಲವೂ ನರಿಯ ಮೈಯಂತೆ.
ಕುಲಾ. ಒಣಹುಲ್ಲಿನ ಮೇಲೆ ಸಂಜೆ ಬಿದ್ದ ಹಾಗೆ,
ಬೆನ್ನುದ್ದಕ್ಕೂ ಒಂದು ಕರಿಗೆರೆ.
ನಿನ್ನ ಕುದುರೆ ಹುಟ್ಟಿದ್ದೆಲ್ಲಿ, ತಾಯಿ?"

"ಅಚ್ಚಿನ ಮನೆಯಲ್ಲಿ" ಅಂದೆ.

"ಪಾಪ. ಹಾಗಾದರೆ ಕಂದು ಅಂತಲೇ ಇರಲಿ."

ಅಷ್ಟರಲ್ಲಿ ಹೊರಗೆ ಗೊರಸಿನ ಸದ್ದು.
ಅಜ್ಜ ತಲೆಯೆತ್ತಲಿಲ್ಲ, ಬಾಗಿಲತ್ತ ತಿರುಗಲಿಲ್ಲ.
"ಯಾವುದು ಬಂತು, ಮರಿ?"
ಬೇಗಾಯಿಮ್ ನನ್ನ ತೊಡೆಯಿಂದ ಜಾರಿ
ಒಂಟಿ ಬೂಟು ಎಳೆಯುತ್ತ ಹೋಗಿ ಇಣುಕಿ
"ಕುಲಾ" ಎಂದಳು.
"ಓಹೋ, ನಿನ್ನ ಮಾವ ಬಂದ. ನೀರು ಕಾಯಿಸಿ."

ಆಗ ನೋಡಿದೆ ಅವನ ಕಣ್ಣು.
ಎರಡರ ಮೇಲೂ ಆರಿದ ಹಾಲಿನ ಕೆನೆಯಂಥ ಪೊರೆ.
ಆ ಬಿಳಿಗೂ ಅವನಲ್ಲಿ ಒಂದು ಹೆಸರಿರಬೇಕು.
ನಾನು ಕೇಳಲಿಲ್ಲ.

ರಿಜಿಸ್ಟರಿನಲ್ಲಿ ಬರೆದುಕೊಂಡೆ:
ಬೇಗಾಯಿಮ್. ಬಣ್ಣದ ಪುಸ್ತಕ, ಒಂದು.
ಮೂಲೆ ಕಚ್ಚಿದೆ.

ಮಾವನ ಕುದುರೆಯ ಹಿಂದೆ ಕೂತು ಇಳಿಯುವಾಗ
ಗುಡಾರದೊಳಗಿಂದ ಅಜ್ಜನ ದನಿ ಕೇಳುತ್ತಿತ್ತು.
ಪುಸ್ತಕ ತಲೆಕೆಳಗಾಗಿಯೇ ಹಿಡಿದಿದ್ದಿರಬೇಕು,
ಕಂದು ಪುಟ ಸಿಕ್ಕಿತೋ ಇಲ್ಲವೋ,
ಅವನು ಮಾತ್ರ ಓದುತ್ತಿದ್ದ:

    ತೊರೂ ಬಂತು, ಜೇರ್ದೆ ಬಂತು,
    ಕುಲಾ ಬಂದು ಹೊರಟೂ ಹೋಯಿತು...

ಪ್ರಾಸ ಕೂಡಲಿಲ್ಲ.
ಬೇಗಾಯಿಮ್ "ಪು" ಎಂದಳು.