ಹೊಲಿಗೆಯೊಳಗಿನ ಎರಡಿಂಚು

ರೂವಿಯ ಹಿಂಬೀದಿ, ಎಸಿಯ ನೀರು ತೊಟ್ಟಿಕ್ಕುವ ಮೆಟ್ಟಿಲು,
ಮೇಲೆ ನಮ್ಮ ಅಂಗಡಿ: ಎಂಟು ಮಿಷನ್ನು, ಒಂದು ಇಸ್ತ್ರಿ,
ಅರಬ್ಬಿಯಲ್ಲಿ ಸರಿ, ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿದ ಬೋರ್ಡು.
ಕಂಪನಿಗಳಿಗೆ ಸಮವಸ್ತ್ರ ಹೊಲಿಯುತ್ತೇವೆ.

ಬದ್ರಿಯಾ ಡಾಕ್ಟರು ಮೊದಲ ಸಲ ಬಂದ ದಿನ
ಎಲ್ಲ ಸಿದ್ಧ ಮಾಡಿಟ್ಟಿದ್ದೆ ನಾನು:
ಬಣ್ಣದ ಫೈಲು, ಅಂಟಿಸಿದ ಬಟ್ಟೆಯ ತುಣುಕು,
ಶೇಕಡಾ ಹತ್ತು ರಿಯಾಯಿತಿಯ ಚೀಟಿ,
ಬಾಯಿಪಾಠ ಮಾಡಿದ ನಾಲ್ಕು ವಾಕ್ಯ.
ಹಲ್ಲಿನ ಕ್ಲಿನಿಕ್ಕು, ಹೊಸದು. ಏಳು ಮಂದಿ ನರ್ಸುಗಳು.

ಹಸೈನಾರ್ ಕಾಕ ಫೈಲು ತೆರೆಯಲೇ ಇಲ್ಲ.
ಫ್ಲಾಸ್ಕಿನಿಂದ ಕಹ್ವಾ ಬಗ್ಗಿಸಿ, ಖರ್ಜೂರದ ತಟ್ಟೆ ಸರಿಸಿ
ಕೇಳಿದರು: "ಏಳರಲ್ಲಿ ಹೆಚ್ಚು ಬಗ್ಗುವವಳು ಯಾರು?"
ಡಾಕ್ಟರು ನಕ್ಕರು, ಆಮೇಲೆ ಯೋಚಿಸಿದರು.
"ಮಾರಿಸೆಲ್. ಉಪಕರಣ ತೊಳೆಯುವವಳು. ಯಾಕೆ?"
"ಅವಳ ಬೆನ್ನಿಗೆ ಬಟ್ಟೆ ಜಾಸ್ತಿ ಬೇಕು."

ಅಷ್ಟೇ. ದರದ ಮಾತು ಮರುದಿನ.
ನನ್ನ ನಾಲ್ಕು ವಾಕ್ಯ ಗಂಟಲಲ್ಲೇ ಉಳಿದು
ರಾತ್ರಿ ಅನ್ನದ ಜೊತೆ ಇಳಿದವು.

"ಅವರು ಮೆಟ್ಟಿಲು ಹತ್ತಿದ್ದು ಒಂದು ಸಲ ಸಾಕು, ಲವೀನಾ,
ಇನ್ನು ಹತ್ತುವುದು ಇಳಿಯುವುದು ನಮ್ಮ ಕೆಲಸ."
ಟೇಪು ಕೊರಳಿಗೆ ಹಾಕಿ ಕ್ಲಿನಿಕ್ಕಿಗೆ ನಾನೇ ಹೋದೆ.
ಏಳು ಹೆಗಲು, ಏಳು ಸೊಂಟ.
ಒಬ್ಬಳು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದಳು,
ಇನ್ನೂ ಯಾರಿಗೂ ಹೇಳಿಲ್ಲವೆಂದು ಕಣ್ಣಲ್ಲೇ ಹೇಳಿದಳು.
ಟೇಪು ತೋರಿಸಿದ ಅಂಕಿಯನ್ನೇ ಬರೆದುಕೊಂಡೆ.
ಹೊಲಿಗೆಯೊಳಗೆ ಎರಡಿಂಚು ಮಡಿಸಿಟ್ಟೆ.
ಬಿಲ್ಲಿನಲ್ಲಿ ಅದಿಲ್ಲ.

ಎಲ್ಲರೂ ಉಳಿಯುತ್ತಾರೆಂದಲ್ಲ.
ಸೊಹಾರಿನ ಹೋಟೆಲಿನವರು, ಇದೇ ಕಹ್ವಾ ಕುಡಿದವರು,
ಇದೇ ತಟ್ಟೆಯಿಂದ ಎರಡೆರಡು ಹಣ್ಣು ತೆಗೆದವರು,
ಕಂಟೈನರಿನಲ್ಲಿ ಬಂದಿಳಿದ ರೆಡಿಮೇಡಿಗೆ ಹೋದರು,
ಶರ್ಟಿಗೆ ಮುನ್ನೂರು ಬೈಸಾ ಕಡಿಮೆಯೆಂದು.
ಅವರ ಅಳತೆಯ ಹಾಳೆ ಹರಿಯಹೊರಟೆ.
ಕಾಕ ಕೈ ಹಿಡಿದರು. ಬೈಯಲಿಲ್ಲ.
ಮಡಚಿ, ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿದರು.
ಅವರಿನ್ನೂ ಬಂದಿಲ್ಲ. ಡಬ್ಬಿ ಇದೆ.

ಕಾಕನ ಕಣ್ಣಿಗೆ ಈಗ ಸೂಜಿಯ ಕಣ್ಣು ಕಾಣದು.
ಮೂಲೆಯ ಕುರ್ಚಿಯಲ್ಲಿ ಗುಂಡಿ ವಿಂಗಡಿಸುತ್ತಾರೆ,
ಬೆರಳಿನಿಂದಲೇ, ಎರಡು ತೂತಿನವು, ನಾಲ್ಕು ತೂತಿನವು.

ಇವತ್ತು ಬೆಳಿಗ್ಗೆ ಹುಡುಗನೊಬ್ಬ ಮೆಟ್ಟಿಲು ಹತ್ತಿ ಬಂದ,
ನಿಜ್ವಾದ ಕಡೆಯವನು, ಚಹಾದಂಗಡಿ ತೆರೆಯುತ್ತಾನಂತೆ.
"ಮೂರೇ ಏಪ್ರನ್ನು," ಅಂದ, ತಪ್ಪು ಮಾಡಿದವನ ಹಾಗೆ.
ರಿಯಾಯಿತಿಯ ಚೀಟಿ ಡ್ರಾಯರಿನಲ್ಲೇ ಇತ್ತು,
ಅಂಚು ಹಳದಿಗಟ್ಟಿ.
ನಾನು ತಟ್ಟೆ ಸರಿಸಿದೆ, ಬೀಜಕ್ಕೊಂದು ಬಟ್ಟಲು ಹುಡುಕಿದೆ.
"ಕುದಿಯುವ ಹಾಲಿನ ಎದುರು ನಿಲ್ಲುವವರು ಯಾರು?"

ಮೂಲೆಯಲ್ಲಿ ಗುಂಡಿಗಳ ಸದ್ದು ನಿಂತಿತು.

ಹುಡುಗ ತೋಳು ಮುಂದೆ ಚಾಚಿದ, ಸುಟ್ಟ ಗುರುತು
ಇನ್ನೂ ಕೆಂಪಗೆ. "ನಾನೇ."
ಏಪ್ರನ್ನಿಗೆ ತೋಳಿರುವುದಿಲ್ಲ, ಗೊತ್ತು.
ಆದರೂ ಟೇಪು ಬಿಚ್ಚಿ
ಮಣಿಕಟ್ಟಿನಿಂದಲೇ ಶುರು ಮಾಡಿದೆ.