ವಸ್ತುರೂಪದ ಪಾಲು

ಅರ್ಜಿಯ ಒಂಬತ್ತನೇ ಪುಟ ಕೇಳುತ್ತದೆ:
ಉದ್ಯಮದ ಪಾಲು ಎಷ್ಟು? ನಗದೋ, ವಸ್ತುರೂಪವೋ?
ಲೆಟರ್‌ಹೆಡ್ಡಿನಲ್ಲಿ ಒಪ್ಪಿಗೆ ಪತ್ರ ಲಗತ್ತಿಸಿ.

ಶಿಡ್ಲಘಟ್ಟದ ಗಲ್ಲಿಯೊಂದರಲ್ಲಿ, ಗೂಡು ಬೇಯುವ ವಾಸನೆಯೊಳಗೆ,
ಖಲೀಲುಲ್ಲಾ ಸಾಬರ ಉದ್ಯಮವೆಂದರೆ
ಆರು ಬೇಸಿನ್ನು, ಒಂದು ಬಾಯ್ಲರು, ತಗಡಿನ ಸೂರು,
ಬಿಲ್ ಪುಸ್ತಕದ ನೆತ್ತಿಯಲ್ಲಿ ಒಂದು ಮೊಲ.
ಪ್ರೆಸ್ಸಿನವನ ಹತ್ತಿರ ರೇಷ್ಮೆಹುಳದ ಅಚ್ಚು ಇರಲಿಲ್ಲವಂತೆ.
ಆ ಮೊಲದ ಕೆಳಗೇ ಬರೆಸಿಕೊಂಡೆ:
‘ಎರಡು ಬೇಸಿನ್ನು, ಕರೆಂಟು, ದಿನಕ್ಕೆ ನಾನೂರು ಲೀಟರ್ ಕೊಳೆನೀರು
ವಿಶ್ವವಿದ್ಯಾಲಯಕ್ಕೆ ಕೊಡಲು ನಮ್ಮ ತಕರಾರಿಲ್ಲ.’
ಸಹಿ ಹಾಕಿ ನಕ್ಕರು ಸಾಬರು:
‘ಚರಂಡಿಗೆ ಬಿಡೋ ನೀರಿಗೂ ಬೆಲೆ ಕಟ್ಟುತ್ತಾ ಸರ್ಕಾರ?
ಮೊದಲೇ ಹೇಳಿದ್ರೆ ಇಪ್ಪತ್ತು ವರ್ಷದ್ದು ಹಿಡಿದಿಡ್ತಿದ್ದೆ ಮೇಡಂ.’

ಕಟ್ಟಿದೆವು ಬೆಲೆ.
ಟ್ಯಾಂಕರಿನ ದರ ನೋಡಿ, ಲೀಟರಿಗೆ ಹದಿನೈದು ಪೈಸೆ.
ನೂಲಿನ ಮೈಯಿಂದ ಬಿಟ್ಟ ಅಂಟು ಇದೆ ಆ ನೀರಿನಲ್ಲಿ;
ಹಿಡಿದರೆ ಯಾರದೋ ಕೆನ್ನೆಗೆ ಕ್ರೀಮು,
ಉಳಿದ ನೀರು ಮರಳಿ ಬೇಸಿನ್ನಿಗೆ,
ಸಾವಿರದ ನಾನೂರು ಅಡಿ ಕೊರೆದರೂ
ಬೋರು ಬರೀ ಕೆಮ್ಮುವ ಊರಿನಲ್ಲಿ.
ಹೀಗೆಲ್ಲ ಬರೆದಿದ್ದೆ, ಉದ್ದೇಶಗಳ ಕಾಲಮ್ಮಿನಲ್ಲಿ.

ಹಣ ಬಂದದ್ದು ಮಾರ್ಚ್ ಇಪ್ಪತ್ತೆಂಟಕ್ಕೆ.
ಮೂವತ್ತೊಂದರೊಳಗೆ ಖರ್ಚಾಗಬೇಕು,
ಇಲ್ಲವೇ ಬಂದ ದಾರಿಗೆ ಸುಂಕವಿಲ್ಲ.
ಮೂರು ಕೊಟೇಶನ್ನಿಗೆ ಓಡಿ ಓಡಿ
ಶಬರೀಶ ಬೈಕಿನ ಹಿಂದೆ ಪಂಪು ಕಟ್ಟಿಕೊಂಡು ಬಂದ;
ಫಿಲ್ಟರು ಬಂತು, ಥರ್ಮೋಕೋಲಿನ ತೊಟ್ಟಿಲಲ್ಲಿ ಮಲಗಿ.
ಪ್ರಯೋಗಾಲಯದಲ್ಲಿ ಅದು ಚೊಕ್ಕವಾಗಿ ನಡೆಯಿತು.
ಸಾಬರ ಶೆಡ್ಡಿನಲ್ಲಿ ನಾಲ್ಕೇ ನಿಮಿಷ,
ಗಂಟಲು ಕಟ್ಟಿತು.
ತೊಳೆದೆವು, ನಡೆಸಿದೆವು, ಕಟ್ಟಿತು.
ಶ್ರಾವಣ ಕಳೆದು ಗೌರಿ ಬಂದರೂ ಕಟ್ಟಿತು.

ಹಬೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದವರು ಮುನಿರತ್ನಮ್ಮ.
ಕುದಿನೀರಿನಲ್ಲಿ ಬೆರಳಾಡಿಸಿ,
ಗೂಡಿನ ಮೇಲಿನ ಸುಳ್ಳು ಎಳೆಗಳನ್ನು ಕಿತ್ತು ಬಿಸಾಕಿ,
ನಿಜದ ತುದಿಯೊಂದನ್ನು ಎತ್ತಿ ಕೊಡುವ ಕೆಲಸ,
ಹದಿನಾಲ್ಕನೇ ವಯಸ್ಸಿನಿಂದ.
‘ಬಿಸೀಲೇ ಯಾಕಮ್ಮ ಸೋಸ್ತೀರ? ರಾತ್ರಿ ಆರಕ್ಕೆ ಬಿಡಿ.
ಬೆಳಗ್ಗೆ ಹೊತ್ಗೆ ಕಾಲ್‌ಸೂಪಿನಂಗೆ ಹೆಪ್ಪುಗಟ್ಟಿರ್ತೈತೆ.
ಬಾಚಿ ತಗಳೋದು, ಅಷ್ಟೆ.
ಹಿಮ್ಮಡಿ ಒಡೆದ್ರೆ ನಾವು ಅದನ್ನೇ ಅಲ್ವ ಬಳಿಯೋದು?’

ಒಂಬತ್ತು ಲಕ್ಷದ ಯೋಜನೆಗೆ ಮಾತೇ ಹೊರಡಲಿಲ್ಲ.
ಮಾರನೆಯ ಬೆಳಗ್ಗೆ
ಬಕೆಟ್ಟಿನಲ್ಲಿ ನಡುಗುತ್ತಿತ್ತು ಮಾಸಲು ಹಳದಿ.

ವರದಿಯಲ್ಲಿ ಬರೆದೆ: ಉದ್ಯಮ ತಜ್ಞರು, ಎಂ. ಮುನಿರತ್ನಮ್ಮ.
ವಿದ್ಯಾರ್ಹತೆ? ಎಂದಿತು ಪೋರ್ಟಲ್ಲು.
ಖಾಲಿ ಬಿಟ್ಟರೆ ಮುಂದಕ್ಕೆ ಬಿಡದು.
‘ಇತರೆ’ ಒತ್ತಿದೆ.

ಗೌರವಧನ ಎರಡು ಸಾವಿರ. ಬೆರಳಿಡಿ, ಎಂದಿತು ಯಂತ್ರ.
ಇಟ್ಟರು. ಮತ್ತೊಮ್ಮೆ ಪ್ರಯತ್ನಿಸಿ, ಎಂದಿತು.
ಹೆಬ್ಬೆಟ್ಟಾಯಿತು, ತೋರುಬೆರಳಾಯಿತು, ಸೀರೆಗೆ ಒರೆಸಿ
ಹತ್ತೂ ಆಯಿತು.
ಗೆರೆಗಳನ್ನೆಲ್ಲ ನೀರಿಗೇ ಕೊಟ್ಟು ಬಂದ ಬೆರಳುಗಳು.
ನನ್ನ ಒಂಬತ್ತನೇ ಪುಟದಲ್ಲಿ ಅವುಗಳ ಲೆಕ್ಕವಿರಲಿಲ್ಲ.

ಕೊನೆಗೆ ಗುಮಾಸ್ತರು ವೋಚರು ತೆಗೆದರು.
ರೆವೆನ್ಯೂ ಸ್ಟಾಂಪು ಯಾವ ಕಾಲದ್ದೋ, ಅಂಟು ಸತ್ತಿತ್ತು;
ಉಗುಳು ಹಚ್ಚಿದರೂ ಏಳುತ್ತಿತ್ತು.
ಮುನಿರತ್ನಮ್ಮ ನನ್ನ ಚೀಲಕ್ಕೆ ಕೈಹಾಕಿ
ಸ್ಯಾಂಪಲ್ ಮೂವತ್ತೇಳರ ಮುಚ್ಚಳ ಬಿಚ್ಚಿ
ತುಸುವೇ ತೆಗೆದು ಸವರಿ, ಒತ್ತಿ ಹಿಡಿದು,
ಅದರ ಮೇಲೆ ನಿಧಾನಕ್ಕೆ ಹೆಸರು ಬರೆದರು,
ಒಂದು ಒತ್ತಕ್ಷರವೂ ತಪ್ಪದಂತೆ.

ಎರಡನೇ ಕಂತು ಇನ್ನೂ ಬಂದಿಲ್ಲ.
ಆಡಿಟ್ಟಿನವರು ಬಂದಿದ್ದರು ಮೊನ್ನೆ.
ಮೊಲ ಯಾಕಿದೆ ಎಂದು ಕೇಳಿದರು.
ವೋಚರಿನ ಸ್ಟಾಂಪನ್ನು ಉಗುರಿನಿಂದ ಕೆದಕಿ ನೋಡಿದರು,
ಬರಲಿಲ್ಲ.