ಯಾವ ದಿಬ್ಬದ ಮೀನು?

ಲಾಮೆನ್ ಕೊಲ್ಲಿಯ ದಡದಲ್ಲಿ ಮೀನು ಮಾರುವವಳು ನಾನು.
ಕೊಳ್ಳುವವರು ಬೆಲೆಗೂ ಮೊದಲು ಕೇಳುತ್ತಾರೆ:
ಲೇವಿಯಾ, ಇದು ಯಾವ ದಿಬ್ಬದ ಮೀನು?
ಕೇಳಲಿ.
ನಮ್ಮ ಹವಳದ ದಿಬ್ಬಗಳಲ್ಲಿ ಕೆಲವು
ಒಂದೊಂದು ಕಾಲಕ್ಕೆ ವಿಷ ಕಟ್ಟುತ್ತವೆ.
ನೋಡಿದರೆ ತಿಳಿಯದು, ಮೂಸಿದರೆ ತಿಳಿಯದು,
ಕುದಿಸಿದರೂ ಹೋಗದು.
ತಿಂದವರಿಗೆ ತಣ್ಣೀರು ಮುಟ್ಟಿದರೂ
ಕೆಂಡ ಮುಟ್ಟಿದ ಹಾಗೆ.

ಇವತ್ತು ಕೇಳುವ ಸರದಿ ನನ್ನದು.

ಸಿಸ್ಟರ್ ರೊಲೀನಾ ದೋಣಿ ಇಳಿದು ಬಂದಳು,
ಭುಜಕ್ಕೆ ನೀಲಿ ಪೆಟ್ಟಿಗೆ, ಲಂಗ ಮೊಣಕಾಲಿನವರೆಗೆ ಒದ್ದೆ.
ಜೀಗುಜ್ಜೆ ಮರದಡಿ ಬೆಂಚು, ಬೆಂಚಿನ ತುದಿಯಲ್ಲಿ ನಾನು,
ಮಡಿಲಲ್ಲಿ ಹತ್ತು ವಾರದ ಮಗಳು.
ಆರನೆಯ ವಾರಕ್ಕೇ ಬರಬೇಕಿತ್ತು.
ಮಗುವಿಗೆ ಭೇದಿ ಎಂದು ಸುಳ್ಳು ಹೇಳಿ ಕಳಿಸಿದ್ದೆ.

ಒಂದೇ ಸೂಜಿಯಲ್ಲಿ ಐದು ರೋಗದ ಮದ್ದಂತೆ,
ಇಷ್ಟು ಸಣ್ಣ ತೊಡೆ, ಐದನ್ನು ಎಲ್ಲಿ ಇಟ್ಟುಕೊಂಡಾಳು?
ಮತ್ತೆ, ನನ್ನ ಅಕ್ಕನ ಮಗ ಕಾಲ್ಸೇ.
ಚುಚ್ಚಿಸಿದ ವರ್ಷವೇ ಮಾತು ಬಿಟ್ಟ.
ಮೂರು ಪದ ಇದ್ದವು ಅವನಲ್ಲಿ:
ನೀರು, ನಾಯಿ, ಬೇಡ.
ಈಗ ಬೇಡ ಅನ್ನುವುದಕ್ಕೂ ಅವನಿಗೆ ಬಾಯಿಲ್ಲ.

ರೊಲೀನಾ ನಗಲಿಲ್ಲ. ಅದಕ್ಕೇ ಕೂತೆ, ಇಲ್ಲದಿದ್ದರೆ ಎದ್ದು ಹೋಗುತ್ತಿದ್ದೆ.

ಬೆಳಗ್ಗಿನಿಂದ ನಿನ್ನ ಬೆರಳು ಚೀಪುತ್ತಿದ್ದಾಳಲ್ಲ,
ಮೀನು ಮುಟ್ಟಿದ ಬೆರಳು,
ಅದರಲ್ಲಿ ಐದಕ್ಕಿಂತ ಎಷ್ಟೋ ಹೆಚ್ಚು ಇವೆ, ಅಂದಳು.
ಜ್ವರ ಬಂದೀತು. ತೊಡೆ ಊದೀತು.
ಬಲು ಅಪರೂಪಕ್ಕೆ ಮೈಗೆ ಒಗ್ಗದಿರುವುದೂ ಉಂಟು,
ಅದಕ್ಕೇ ಅರ್ಧ ಗಂಟೆ ಇಲ್ಲೇ ಇರು,
ಅದರ ಮದ್ದು ನನ್ನ ಚೀಲದಲ್ಲಿದೆ.

ಕಾಲ್ಸೇ?

ಯಾಕೆ ಹಾಗಾಯಿತೋ ನನಗೆ ಗೊತ್ತಿಲ್ಲ, ಲೇವಿಯಾ.
ಸೂಜಿಯಿಂದಲ್ಲ, ಅಷ್ಟು ಗೊತ್ತು.
ಚುಚ್ಚಿಸಿಕೊಂಡವರನ್ನೂ ಚುಚ್ಚಿಸಿಕೊಳ್ಳದವರನ್ನೂ
ಎಷ್ಟೋ ದೇಶಗಳಲ್ಲಿ ಎಣಿಸಿ ನೋಡಿದ್ದಾರೆ.
ಅಂಥ ಮಕ್ಕಳು ಎರಡೂ ಕಡೆ ಅಷ್ಟಷ್ಟೇ.

ಅರ್ಧ ಉತ್ತರ.
ದೂರದ ದೇಶಗಳ ಎಣಿಕೆ ನನ್ನ ಅಕ್ಕನ ಮನೆಯವರೆಗೆ ಬರುವುದಿಲ್ಲ.
ಮಗಳ ಬಟ್ಟೆ ಇನ್ನಷ್ಟು ಬಿಗಿಯಾಗಿ ಸುತ್ತಿದೆ.

ಆಗ ಅವಳು ಪೆಟ್ಟಿಗೆ ತೆರೆದಳು.
ನಿನ್ನೆ ಎಂಜಿನ್ ಕೆಟ್ಟು ದೋಣಿ
ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತಿತ್ತಂತೆ.
ಮೇಲಿದ್ದ ಸೀಸೆಯನ್ನು ಬೆಳಕಿಗೆ ಹಿಡಿದಳು.
ಚೀಟಿಯ ಮೇಲೊಂದು ನೇರಳೆ ವೃತ್ತ, ಒಳಗೊಂದು ಚೌಕ.
ಚೌಕ ಬೆಳ್ಳಗಿರಬೇಕು, ಕಾವು ತಿಂದರೆ ಕಪ್ಪಾಗುತ್ತದೆ.
ವೃತ್ತದಷ್ಟೇ ಕಪ್ಪಾಗಿತ್ತು.
ಇದು ಬೇಡ, ಅಂದಳು,
ನನಗಲ್ಲ, ತನಗೇ ಹೇಳಿಕೊಂಡ ಹಾಗೆ.
ತಗಡಿನ ಡಬ್ಬಕ್ಕೆ ಹಾಕಿದಳು. ಟಣ್ ಎಂದಿತು.

ಬಳಸಿದ್ದರೆ ಕೇಳುವವರು ಯಾರು?
ಆ ಗುರುತು ಓದಲು ನನಗೆ ಬರುತ್ತಿತ್ತೇ?

ಹೋದ ವರ್ಷ ನನ್ನ ಗಂಡ ತೋಳುದ್ದದ ಕೆಂಪು ಮೀನು ತಂದ.
ಯಾವ ದಿಬ್ಬದ್ದು ಅಂದೆ. ಬಲೆ ಕೊಡವುತ್ತ ನಿಂತ.
ಕತ್ತಲಾದ ಮೇಲೆ ತೆಂಗಿನ ಬುಡದಲ್ಲಿ ಹೂತೆ.
ಅಂದು ನಾವು ಉಂಡದ್ದು ಕೆಸುವಿನ ಗೆಡ್ಡೆ, ಉಪ್ಪು.
ಯಾರಿಗೂ ಹೇಳಲಿಲ್ಲ.
ಮರುದಿನ ದಡದಲ್ಲಿ ನನ್ನ ದನಿ ಮಾತ್ರ
ತಿನ್ನಿ, ತಿನ್ನಿ ಎಂದು ಗಟ್ಟಿಯಾಗಿ ಕೂಗಿತು.

ಎರಡನೆಯ ಸೀಸೆ. ಚೌಕ ಅನ್ನದಂತೆ ಬಿಳಿ.
ನನಗೂ ತೋರಿಸು ಅಂದೆ. ತೋರಿಸಿದಳು.
ಬಟ್ಟೆ ಸಡಿಲಿಸಿದೆ.

ಮಗಳು ಕಿರುಚಿದ್ದಕ್ಕೆ ಹಂದಿಗಳೂ ಎದ್ದವು.

ರಾತ್ರಿ ಮೈ ಸುಡುತ್ತಿದೆ.
ತೊಡೆಯಲ್ಲಿ ಅವರೆಕಾಳಿನಷ್ಟು ಗಂಟು,
ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.
ಹೇಗಿದ್ದಾಳೆ? ಕತ್ತಲಿನಿಂದ ಅವನ ದನಿ.
ಬರುತ್ತೆ ಅಂದಿದ್ದಳು, ಬಂದಿದೆ.
ಹೆದರಿಕೆಯಾ?
ಹೂಂ.
ಮೊಲೆ ಬಿಟ್ಟಿಲ್ಲ, ಬಲವಾಗಿ ಚೀಪುತ್ತಿದ್ದಾಳೆ.
ನಿದ್ದೆ ಮಾಡು ನೀನು, ನಸುಕಿಗೆ ಕಡಲಿಗೆ ಹೋಗಬೇಕು.
ದಕ್ಷಿಣದ ದಿಬ್ಬಕ್ಕೇ ಹೋಗು.